ನಡೆವ ಹೆಣಗಳೂ ನಮ್ಮ ಮನೆಯ ಮಕ್ಕಳೂ

ಸಂಜೆಯ ದೀಪ ಹಚ್ಚಿದ ಮೇಲೆ ಹೆಣದ ಮಾತನ್ನು ಆಡಬಾರದೆಂಬುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಕಟ್ಟಳೆ. ಈ ತಿಂಗಳು ನಾವು ಆ ಕಟ್ಟಳೆಯನ್ನು ಮೀರಬೇಕಾಗಿ ಬಂದಿದೆ; ವಾಚಕರು ಕ್ಷಮಿಸಬೇಕು. ಮೀರಿದವರಲ್ಲಿ ನಾವೇ ಮೊದಲಿಗರೂ ಅಲ್ಲ. ಇಂದು ಎಷ್ಟೋ ಮನೆಗಳಲ್ಲಿ, ಊಟ ಮುಗಿದು ಹಿರಿಯರು ಮಲಗಿದ ಮೇಲೆ, ಹುಡುಗರ ಕೋಣೆಯ ಬಾಗಿಲ ಸಂದಿನಿಂದ ನೀಲಿಯ ಬೆಳಕೂ, ನರಳುವ ದನಿಯೂ, ಯಾರೋ ಕಾಲೆಳೆದುಕೊಂಡು ನಡೆಯುವ ಸದ್ದೂ ಹೊರಬರುತ್ತಿರುತ್ತವೆ. ಆ ಆಟ ಯಾವುದು, ಆ ಹೆಣ ಎಲ್ಲಿಯದು, ಅದರಲ್ಲಿ ಹುಡುಗರಿಗೆ ದೊರೆಯುವ ಸುಖವೇನು ಎಂಬುದನ್ನು ತಿಳಿಯದೆ ಬೈಯುವುದೂ ಯುಕ್ತವಲ್ಲ. ತಿಳಿಯದೆ ಸುಮ್ಮನಿರುವುದೂ ಯುಕ್ತವಲ್ಲ.

ಕಳೆದ ರಜೆಯಲ್ಲಿ ನಮ್ಮ ತಂಗಿ ತನ್ನ ಇಬ್ಬರು ಮಕ್ಕಳೊಡನೆ ನಮ್ಮಲ್ಲಿಗೆ ಬಂದಿದ್ದಳು. ಹಿರಿಯವನಿಗೆ ೧೯ ವರ್ಷ, ಇಂಜಿನಿಯರಿಂಗ್ ಓದುತ್ತಿದ್ದಾನೆ, ಕಿರಿಯವನಿಗೆ ೧೧. ಬಂದ ಎರಡನೆಯ ದಿನವೇ ತಂಗಿ ನಮ್ಮನ್ನು ಹಿತ್ತಿಲಿಗೆ ಕರೆದು, “ಅಣ್ಣ, ಇವನಿಗೆ ನೀನಾದರೂ ಬುದ್ಧಿ ಹೇಳು. ಅಮ್ಮ ಹೋಗಿ ಇನ್ನೂ ವರ್ಷ ತುಂಬಲಿಲ್ಲ. ಇವನು ರಾತ್ರಿಯೆಲ್ಲ ಹೆಣಗಳ ನಡುವೆ ಆಡುತ್ತ ಕುಳಿತಿರುತ್ತಾನೆ. ಹೀಗಾದರೆ ಮನಸ್ಸು ಕಲ್ಲಾಗದೆ ಉಳಿಯುತ್ತದೆಯೆ?” ಎಂದು ಕಣ್ಣೊರಸಿಕೊಂಡಳು. ನಾವು ಗಂಭೀರವಾಗಿ ಹುಡುಗನ ಕೋಣೆಗೆ ಹೋದೆವು. ಉಪದೇಶದ ಮೊದಲ ವಾಕ್ಯ ಮುಗಿಯುವ ಮುನ್ನವೇ ಅವನು, “ಮಾವ, ಒಂದು ಗಂಟೆ ನನ್ನ ಪಕ್ಕದಲ್ಲಿ ಕುಳಿತು ನೋಡಿ, ಆಮೇಲೆ ಎಷ್ಟು ಬೇಕಾದರೂ ಬೈಯಿರಿ” ಎಂದನು. ಮಾತು ನ್ಯಾಯವಾಗಿಯೇ ಇದ್ದಿತು. ಕುಳಿತೆವು. ಒಂದು ಗಂಟೆ ಎಂದದ್ದು ಮೂರು ರಾತ್ರಿಯಾಯಿತು. ಅಲ್ಲಿ ಕಂಡುದನ್ನೂ, ಆ ಬಳಿಕ ಓದಿ ತಿಳಿದುದನ್ನೂ ಇಲ್ಲಿ ನಿವೇದಿಸುತ್ತೇವೆ.

ಜಾಂಬಿ ಎಂದು ಕರೆಯಲ್ಪಡುವ ಈ ನಡೆವ ಹೆಣ ನಮ್ಮ ದೆವ್ವಗಳ ಕುಲಕ್ಕೆ ಸೇರಿದುದಲ್ಲ. ನಮ್ಮ ದೆವ್ವ ದೇಹ ಬಿಟ್ಟ ಜೀವ. ಜಾಂಬಿಯಾದರೋ ಜೀವ ಬಿಟ್ಟ ದೇಹ. ನಮ್ಮ ದೆವ್ವಕ್ಕೆ ತೀರದ ಆಸೆಯೊಂದಿರುತ್ತದೆ. ಅದು ಮಾತನಾಡುತ್ತದೆ, ಕೇಳಿದರೆ ಹೆಸರು ಹೇಳುತ್ತದೆ. ವಿಕ್ರಮನ ಹೆಗಲೇರಿದ ಬೇತಾಳನಂತೂ ಹೆಣದೊಳಗೆ ಹೊಕ್ಕು ಕುಳಿತು ಕಥೆ ಹೇಳಿ, ಧರ್ಮಸೂಕ್ಷ್ಮದ ಪ್ರಶ್ನೆ ಹಾಕುವ ಪಂಡಿತ. ಜಾಂಬಿಗೆ ಹೆಸರಿಲ್ಲ, ನೆನಪಿಲ್ಲ, ಮಾತಿಲ್ಲ.

ಇದರ ತವರು ಕೆರಿಬಿಯನ್ ಸಮುದ್ರದ ಹೈಟಿ ದೇಶ. ಹದಿನೆಂಟನೆಯ ಶತಮಾನದಲ್ಲಿ ಅದು ಫ್ರೆಂಚರ ವಸಾಹತಾಗಿದ್ದಿತು. ಆ ಶತಮಾನದ ಕೊನೆಯ ಹೊತ್ತಿಗೆ, ಆಫ್ರಿಕದಿಂದ ಸೆರೆಹಿಡಿದು ತಂದವರೂ ಅವರ ಸಂತತಿಯೂ ಸೇರಿ, ಸುಮಾರು ೫ ಲಕ್ಷ ಮಂದಿ ಗುಲಾಮರು ಅಲ್ಲಿಯ ಕಬ್ಬಿನ ಗದ್ದೆಗಳಲ್ಲಿಯೂ ಕಾಫಿಯ ತೋಟಗಳಲ್ಲಿಯೂ ದುಡಿಯುತ್ತಿದ್ದರು. ಯೂರೋಪಿನ ಮನೆಗಳ ಬಟ್ಟಲಿಗೆ ಬೀಳುತ್ತಿದ್ದ ಸಕ್ಕರೆ ಅವರ ಬೆವರಿನದು. ದುಡಿತದಿಂದ ಬಿಡುಗಡೆ ಅವರಿಗೆ ಸಾವಿನಲ್ಲಿ ಮಾತ್ರ ಇದ್ದಿತು. ಸತ್ತರೆ ಆಫ್ರಿಕದ ತಮ್ಮ ನೆಲಕ್ಕೆ ಮರಳುವೆವೆಂದು ನಂಬಿದ್ದರು. ಆ ಬಿಡುಗಡೆಯನ್ನೂ ಕಸಿದುಕೊಳ್ಳುವವರಿದ್ದರೆ ಹೇಗೆ? ಬೊಕೊರ್ ಎಂಬ ಮಾಂತ್ರಿಕನು ಸತ್ತವನನ್ನು ಗೋರಿಯಿಂದೆಬ್ಬಿಸಿ, ಬುದ್ಧಿಯಿಲ್ಲದ ಆಳನ್ನಾಗಿ ಮಾಡಿಕೊಂಡು, ಮತ್ತೆ ಅದೇ ಗದ್ದೆಯಲ್ಲಿ ಕೊನೆಯಿಲ್ಲದೆ ದುಡಿಸುವನೆಂಬ ಭಯವೇ ಜಾಂಬಿಯ ಕಥೆ. ೧೭೯೧ರಲ್ಲಿ ಆ ಗುಲಾಮರು ದಂಗೆಯೆದ್ದರು. ೧೮೦೪ರ ಜನವರಿ ೧ರಂದು ಹೈಟಿ ಸ್ವತಂತ್ರವಾಯಿತು. ಭಯವು ಮಾತ್ರ ಜನರ ಮನಸ್ಸಿನಲ್ಲಿ ಉಳಿಯಿತು. ಹೈಟಿಯವರಿಗೆ ಜಾಂಬಿ ಎದುರಾದೀತೆಂಬ ಅಂಜಿಕೆ ದೊಡ್ಡದಲ್ಲ. ತಾವು ಜಾಂಬಿಯಾದೇವೆಂಬುದೇ ದೊಡ್ಡ ಅಂಜಿಕೆ.

ಅವರ ನಂಬಿಕೆಯಲ್ಲಿ ಒಂದು ವಿಶೇಷ ಉಂಟು. ಜಾಂಬಿಗೆ ಉಪ್ಪಿಲ್ಲದ ಸಪ್ಪೆ ಕೂಳನ್ನೇ ಹಾಕಬೇಕು. ಉಪ್ಪು ನಾಲಗೆಗೆ ಸೋಕಿದರೆ ಅದಕ್ಕೆ ತಾನಾರೆಂಬುದು ನೆನಪಾಗಿ, ಎದ್ದು ತನ್ನ ಗೋರಿಯ ಕಡೆಗೆ ನಡೆದುಬಿಡುತ್ತದೆ. ಅಮೆರಿಕದ ಸೇನೆ ಹೈಟಿಯನ್ನು ಆಕ್ರಮಿಸಿಕೊಂಡಿದ್ದ ೧೯೧೫ರಿಂದ ೧೯೩೪ರವರೆಗಿನ ಕಾಲದಲ್ಲಿ ಅಲ್ಲಿಗೆ ಹೋಗಿದ್ದ ವಿಲಿಯಂ ಸೀಬ್ರೂಕ್ ಎಂಬ ಲೇಖಕನು ತನ್ನ ೧೯೨೯ರ ‘ದಿ ಮ್ಯಾಜಿಕ್ ಐಲೆಂಡ್’ ಎಂಬ ಗ್ರಂಥದಲ್ಲಿ ಇಂಥ ಕಥೆಯೊಂದನ್ನು ಬರೆದಿದ್ದಾನೆ. ಗದ್ದೆಯ ಮೇಸ್ತ್ರಿಯ ಹೆಂಡತಿ ಆ ಮೂಕ ಆಳುಗಳನ್ನು ಕಂಡು ಮರುಗಿ, ಹಬ್ಬದ ದಿನ ಪೇಟೆಗೆ ಕರೆದೊಯ್ದು ಮಿಠಾಯಿ ಕೊಡಿಸುತ್ತಾಳೆ. ಮಿಠಾಯಿಯ ಬೀಜಗಳಿಗೆ ಉಪ್ಪು ಹಾಕಿದ್ದುದು ಅವಳಿಗೆ ತಿಳಿಯದು. ತಿಂದೊಡನೆಯೇ ಅವರು ಕೂಗಿಕೊಂಡು, ತಮ್ಮ ಊರಿನ ಗುಡ್ಡದ ಹಾದಿ ಹಿಡಿದು, ಯಾರು ಕರೆದರೂ ನಿಲ್ಲದೆ ಗೋರಿಗಳಿಗೆ ಮರಳುತ್ತಾರೆ. ಈ ಗ್ರಂಥದಿಂದ ಜಾಂಬಿಯ ಹೆಸರು ಅಮೆರಿಕದ ಓದುಗರಲ್ಲಿ ಹಬ್ಬಿತು. ೧೯೩೨ರಲ್ಲಿ ‘ವೈಟ್ ಜಾಂಬಿ’ ಎಂಬ ಚಲಚ್ಚಿತ್ರವೂ ಹೊರಬಂದಿತು.

ಇಂದು ಹುಡುಗರು ನೋಡುವ ಜಾಂಬಿಗೆ ಈ ರೂಪ ಬಂದುದು ೧೯೬೮ರಲ್ಲಿ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಜಾರ್ಜ್ ರೊಮೆರೊ ಎಂಬ ತರುಣನು ಗೆಳೆಯರೊಡನೆ ಸೇರಿ, ಸುಮಾರು ೧,೧೪,೦೦೦ ಡಾಲರುಗಳ ಸಣ್ಣ ಬಂಡವಾಳದಲ್ಲಿ, ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಎಂಬ ಕಪ್ಪು ಬಿಳುಪಿನ ಚಿತ್ರವನ್ನು ತೆಗೆದನು. ಅದರಲ್ಲಿ ಮಾಂತ್ರಿಕನೂ ಇಲ್ಲ, ಗದ್ದೆಯೂ ಇಲ್ಲ. ಜಾಂಬಿ ಎಂಬ ಹೆಸರನ್ನು ಕೂಡ ಯಾರೂ ಉಚ್ಚರಿಸುವುದಿಲ್ಲ. ಸತ್ತವರು ಎದ್ದು ಬದುಕಿರುವವರ ಮಾಂಸಕ್ಕೆ ಬರುತ್ತಾರೆ. ಹಳ್ಳಿಯ ಒಂಟಿಮನೆಯೊಂದರಲ್ಲಿ ಏಳು ಮಂದಿ ಸಿಕ್ಕಿಕೊಂಡು, ಮೇಲಿನ ಕೋಣೆಗಳಲ್ಲಿ ನಿಂತು ಕಾಯುವುದೋ ನೆಲಮಾಳಿಗೆಗೆ ಇಳಿದು ಬಾಗಿಲು ಹಾಕಿಕೊಳ್ಳುವುದೋ ಎಂದು ಜಗಳವಾಡುತ್ತಾರೆ. ಹೊರಗಿನ ಹೆಣಗಳು ಮಾಡಿದ ಕೇಡು ಎಷ್ಟೋ, ಒಳಗಿನವರ ಹಟ ಮಾಡಿದ ಕೇಡೂ ಅಷ್ಟೇ. ಒಂದು ಮನೆಯಲ್ಲಿ ಬಾಳುವವರಿಗೆ ಈ ಕಥೆ ಅಪರಿಚಿತವಾಗಿ ತೋರಲಾರದು.

ಚಲಚ್ಚಿತ್ರದಲ್ಲಿ ನೋಡುವವನು ಕುರ್ಚಿಯಲ್ಲಿ ಸುಮ್ಮನೆ ಕುಳಿತಿರುತ್ತಾನೆ. ಆಟದಲ್ಲಾದರೋ ಬಾಗಿಲು ತೆರೆಯಬೇಕಾದವನು ಅವನೇ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ೧೯೮೯ರಲ್ಲಿ ‘ಸ್ವೀಟ್ ಹೋಮ್’ ಎಂಬ ಪಾಳುಮನೆಯ ಆಟವನ್ನು ಹೊರತಂದಿತು. ೧೯೯೨ರಲ್ಲಿ ಫ್ರಾನ್ಸಿನಿಂದ ‘ಅಲೋನ್ ಇನ್ ದಿ ಡಾರ್ಕ್’ ಬಂದಿತು. ಇವೆರಡರ ಹಾದಿಯಲ್ಲಿಯೇ ಮುಂದುವರಿದು, ಶಿಂಜಿ ಮಿಕಾಮಿ ಎಂಬವರ ನಿರ್ದೇಶನದಲ್ಲಿ ೧೯೯೬ರ ಮಾರ್ಚಿಯಲ್ಲಿ ಕ್ಯಾಪ್‌ಕಾಮ್ ಪ್ರಕಟಿಸಿದ ಆಟಕ್ಕೆ ಜಪಾನಿನಲ್ಲಿ ‘ಬಯೋಹಜಾರ್ಡ್’ ಎಂದೂ, ಹೊರದೇಶಗಳಲ್ಲಿ ‘ರೆಸಿಡೆಂಟ್ ಈವಿಲ್’ ಎಂದೂ ಹೆಸರು. ‘ಸರ್ವೈವಲ್ ಹಾರರ್’, ಎಂದರೆ ಭಯದ ನಡುವೆ ಬದುಕಿ ಉಳಿಯುವ ಆಟ, ಎಂಬ ಮಾತು ರೂಢಿಗೆ ಬಂದುದು ಇದರಿಂದಲೇ. ೨೦೦೨ರಲ್ಲಿ ಇದನ್ನೇ ಹೊಸದಾಗಿ ಚಿತ್ರಿಸಿದರು. ಆ ಹೊಸ ರೂಪವು ೨೦೧೫ರಲ್ಲಿ ಈಚಿನ ಯಂತ್ರಗಳಿಗೂ ಬಂದಿತು. ನಮ್ಮ ಸೋದರಳಿಯ ಆಡುತ್ತಿದ್ದುದು ಅದನ್ನೇ.

ಕಥೆ ಸರಳವಾದುದು. ಕಾಡಿನಲ್ಲಿ ನಾಯಿಗಳು ಅಟ್ಟಿಸಿಕೊಂಡು ಬಂದು, ಪೊಲೀಸ್ ಪಡೆಯ ಕೆಲವರು ಒಂದು ಹಳೆಯ ಬಂಗಲೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಒಳಗೆ ಓಣಿಯಂಥ ನಡುಮನೆಯಲ್ಲಿ ಯಾರೋ ಬೆನ್ನು ತಿರುಗಿಸಿ ಕುಕ್ಕರಿಸಿರುವುದು ಕಾಣುತ್ತದೆ. ಅವನು ಮೆಲ್ಲಗೆ ಮುಖ ತಿರುಗಿಸುತ್ತಾನೆ. ಆ ಮುಖವನ್ನು ಕಂಡು ನಾವು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡೆವೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆ ಬಳಿಕ ಹುಡುಗನು ಬಂದೂಕಿನಿಂದ ಸುಟ್ಟು ಕೆಡಹುತ್ತ ಹೋಗುವನೆಂದು ನಾವು ಎಣಿಸಿದ್ದೆವು. ಅವನು ಓಡಿದನು! “ಏಕೆ ಓಡುತ್ತೀಯೆ? ಕೈಯಲ್ಲಿ ಪಿಸ್ತೂಲು ಇದೆಯಲ್ಲ!” ಎಂದೆವು. “ಗುಂಡು ಎಂಟೇ ಉಳಿದಿವೆ ಮಾವ. ಈ ದಾರಿಯಲ್ಲಿ ಇನ್ನೊಂದು ಸಲ ಬರಬೇಕಾದರೆ ಮಾತ್ರ ಹೊಡೆಯಬೇಕು, ಇಲ್ಲದಿದ್ದರೆ ತಪ್ಪಿಸಿಕೊಂಡು ಹೋಗುವುದೇ ಲಾಭ” ಎಂದನು.

ಲಾಭವೆಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ಆಟದ ಮರ್ಮ ಹೊಳೆಯತೊಡಗಿತು. ಅವನು ಆರಿಸಿಕೊಂಡ ನಾಯಕನ ಚೀಲದಲ್ಲಿ ಆರು ವಸ್ತುಗಳಿಗೆ ಮಾತ್ರ ಸ್ಥಳ; ನಾಯಕಿಯನ್ನು ಆರಿಸಿಕೊಂಡಿದ್ದರೆ ಎಂಟಕ್ಕೆ. (ಹೆಂಗಸರ ಚೀಲ ದೊಡ್ಡದೆಂಬುದು ಜಪಾನೀಯರಿಗೂ ತಿಳಿದಿರುವಂತೆ ತೋರುತ್ತದೆ.) ಪಿಸ್ತೂಲು ಒಂದು, ಗುಂಡು ಒಂದು, ಗಾಯಕ್ಕೆ ಹಸುರು ಮೂಲಿಕೆಯೊಂದು, ಬಾಗಿಲ ಬೀಗದ ಕೈ ಒಂದು, ಇಷ್ಟಾದರೆ ಉಳಿಯುವುದು ಎರಡೇ ಸ್ಥಳ. ಹೊಸದೊಂದು ಸಿಕ್ಕಿದರೆ ಹಳೆಯದೊಂದನ್ನು ಪೆಟ್ಟಿಗೆಯಲ್ಲಿ ಇಟ್ಟುಬರಬೇಕು. ಇನ್ನೂ ಸೋಜಿಗವೆಂದರೆ, ಬಿದ್ದ ಹೆಣವನ್ನು ಸೀಮೆಎಣ್ಣೆ ಸುರಿದು ಸುಡದೆ ಬಿಟ್ಟರೆ ಅದು ಕೆಲವು ಹೊತ್ತಿನ ಮೇಲೆ ಮೊದಲಿಗಿಂತ ಚುರುಕಾಗಿ ಮೇಲೇಳುತ್ತದೆ. ಎಣ್ಣೆಯ ಡಬ್ಬ ಅಲ್ಲೊಂದು ಇಲ್ಲೊಂದು. ಕೈಯಲ್ಲಿರುವ ಸೀಸೆಗೆ ಹಿಡಿಸುವುದು ಎರಡೇ ಸಲದ ಎಣ್ಣೆ. ಎಷ್ಟು ಆಡಿದೆವೆಂಬುದನ್ನು ಗುರುತು ಹಾಕಿಡಬೇಕಾದರೂ ಹಳೆಯ ಟೈಪ್‌ರೈಟರ್ ಒಂದರ ಮುಂದೆ ನಿಂತು, ಒಂದು ರಿಬ್ಬನ್ ಖರ್ಚು ಮಾಡಬೇಕು, ರಿಬ್ಬನ್ನುಗಳಿಗೂ ಲೆಕ್ಕವುಂಟು. ಮಾಸಾರಂಭದಲ್ಲಿ ಇಷ್ಟು ಅಕ್ಕಿ, ಇಷ್ಟು ಎಣ್ಣೆ ಎಂದು ಡಬ್ಬಗಳನ್ನು ಅಲ್ಲಾಡಿಸಿ ನೋಡಿ ಸಂಸಾರ ತೂಗಿಸಿದ ಯಾವ ಗೃಹಿಣಿಗೂ ಈ ಆಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಲ್ಲುವ ಆಟವೆಂದು ನಾವು ಬಗೆದದ್ದು ವಾಸ್ತವವಾಗಿ ಮಿತವ್ಯಯದ ಆಟವಾಗಿದ್ದಿತು.

ಮತ್ತೊಂದು ಸಂಗತಿ. ಆ ಬಂಗಲೆಯಲ್ಲಿ ಟೈಪ್‌ರೈಟರ್ ಇರುವ ಕೋಣೆಗಳಿಗೆ ಹೊಕ್ಕರೆ ಹೊರಗಿನ ನರಳಾಟ ನಿಂತು, ಮೆಲ್ಲನೆಯ ಸಂಗೀತವೊಂದು ಕೇಳಿಸುತ್ತದೆ. ಅಲ್ಲಿ ಪೆಟ್ಟಿಗೆಯಿದೆ, ದೀಪವಿದೆ, ಭಯವಿಲ್ಲ. ಮೂರು ಓಣಿಗಳನ್ನು ಪ್ರಾಣ ಕೈಯಲ್ಲಿ ಹಿಡಿದು ದಾಟಿ ಬಂದು ಅಂಥ ಬಾಗಿಲು ತೆರೆದಾಗ ಹುಡುಗನು ಬಿಟ್ಟ ನಿಟ್ಟುಸಿರನ್ನು ಕೇಳಿ ನಾವೂ ನಿಟ್ಟುಸಿರು ಬಿಟ್ಟೆವು. ಹಗಲೆಲ್ಲ ಹೊರಗೆ ಅಲೆದವನಿಗೆ ತನ್ನ ಮನೆಯ ಹೊಸ್ತಿಲು ಏನೆಂಬುದು ಗೊತ್ತು. ಹೊರಗೆ ಅಂಜಿದವನಿಗೆ ಇನ್ನೂ ಚೆನ್ನಾಗಿ ಗೊತ್ತು. ಈ ಆಟದ ಸುಖದಲ್ಲಿ ಅರ್ಧ ಪಾಲು ಆ ಸಣ್ಣ ಕೋಣೆಯದೆಂದು ನಮ್ಮ ಅಭಿಪ್ರಾಯ.

ಭಯದಲ್ಲಿ ಸುಖವೆಲ್ಲಿಯದೆಂಬ ಪ್ರಶ್ನೆ ನಮ್ಮವರಿಗೆ ಹೊಸದಲ್ಲ. ಭರತಮುನಿ ತನ್ನ ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಎಣಿಸುವಾಗ ಶೃಂಗಾರ ವೀರಗಳ ಪಂಕ್ತಿಯಲ್ಲಿಯೇ ಭಯಾನಕಕ್ಕೂ ಬೀಭತ್ಸಕ್ಕೂ ಮಣೆ ಹಾಕಿದ್ದಾನೆ. ಭಯಾನಕಕ್ಕೆ ಕಾರಣಗಳೆಂದು ಅವನು ಹೇಳುವ ವಿಕಾರವಾದ ದನಿ, ನರಿ ಗೂಗೆಗಳ ಕೂಗು, ಶೂನ್ಯವಾದ ಮನೆ, ಅಡವಿ ಇವುಗಳಲ್ಲಿ ಬಹುಪಾಲನ್ನು ನಾವು ಆ ಮೂರು ರಾತ್ರಿಗಳಲ್ಲಿ ಕಂಡೆವು, ಕೇಳಿದೆವು. ರಂಗದ ಮೇಲಿನ ಭಯ ನಮ್ಮನ್ನು ಮುಟ್ಟಲಾರದೆಂಬ ಅರಿವು ಒಳಗೆ ಇರುವುದರಿಂದಲೇ ಅದು ರಸವಾಗುತ್ತದೆ. ಆದರೆ ಎಷ್ಟು ಭಯ? ಡೆನ್ಮಾರ್ಕಿನಲ್ಲಿ ವಿದ್ವಾಂಸರು ಭಯ ಹುಟ್ಟಿಸುವುದಕ್ಕೆಂದೇ ಸಜ್ಜುಗೊಳಿಸಿದ ಮನೆಯೊಂದಕ್ಕೆ ೧೧೦ ಮಂದಿಯನ್ನು ಕಳುಹಿಸಿ, ಅವರ ಎದೆಬಡಿತವನ್ನು ಅಳೆದು, ೨೦೨೦ರಲ್ಲಿ ಫಲವನ್ನು ಪ್ರಕಟಿಸಿದರು. ತೀರ ಕಡಮೆ ಅಂಜಿದವರಿಗೂ ಸುಖವಿಲ್ಲ, ಅತಿಯಾಗಿ ಅಂಜಿದವರಿಗೂ ಸುಖವಿಲ್ಲ. ನಡುವಣ ಹದದಲ್ಲಿ ಅಂಜಿದವರೇ ಹೆಚ್ಚು ಆನಂದಪಟ್ಟರು. ಅಡುಗೆಯ ಖಾರಕ್ಕೂ ಇದೇ ನ್ಯಾಯವಲ್ಲವೆ?

ಇದರಿಂದ ಪ್ರಯೋಜನವೂ ಇರಬಹುದೆಂದು ಹೇಳುವವರುಂಟು. ಕೋವಿಡ್ ಪಿಡುಗಿನ ಮೊದಲ ತಿಂಗಳುಗಳಲ್ಲಿ ೩೧೦ ಜನರನ್ನು ವಿಚಾರಿಸಿ ೨೦೨೧ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಭಯಾನಕ ಕಥೆಗಳನ್ನು ಮೆಚ್ಚುವವರಿಗೆ ಮನಃಕ್ಲೇಶ ಕಡಮೆಯಾಗಿದ್ದಿತೆಂದೂ, ಜಾಂಬಿಯೇ ಮೊದಲಾದ ಲೋಕವಿನಾಶದ ಚಿತ್ರಗಳನ್ನು ಮೆಚ್ಚುವವರು ಆ ಕಾಲಕ್ಕೆ ಹೆಚ್ಚು ಸಿದ್ಧರಾಗಿದ್ದರೆಂದೂ ಕಂಡುಬಂದಿತು. ಆ ಕಥೆಗಳಿಂದಲೇ ಧೈರ್ಯ ಬಂದಿತೋ, ಧೈರ್ಯವುಳ್ಳವರೇ ಅಂಥ ಕಥೆಗಳನ್ನು ಆರಿಸಿಕೊಂಡರೋ ಎಂಬುದನ್ನು ಇಂಥ ವಿಚಾರಣೆ ನಿರ್ಣಯಿಸಲಾರದು. ಅಮೆರಿಕದ ಸರಕಾರದ ರೋಗನಿಯಂತ್ರಣ ಕೇಂದ್ರವು ೨೦೧೧ರ ಮೇ ತಿಂಗಳಿನಲ್ಲಿ, ಜಾಂಬಿಗಳು ಬಂದರೆ ಹೇಗೆ ಸಿದ್ಧರಾಗಿರಬೇಕೆಂದು ವಿನೋದವಾಗಿ ಒಂದು ತಿಳಿವಳಿಕೆಯನ್ನು ಹೊರಡಿಸಿತು: ಕುಡಿಯುವ ನೀರು, ಕೆಡದ ಆಹಾರ, ಔಷಧ, ಬ್ಯಾಟರಿ ರೇಡಿಯೋ, ಮನೆಯವರೆಲ್ಲ ಕೂಡಬೇಕಾದ ಜಾಗ. ಬಿರುಗಾಳಿಗೂ ಭೂಕಂಪಕ್ಕೂ ಬೇಕಾದುವು ಇವೇ. ಬಿರುಗಾಳಿಯ ಹೆಸರಿಗೆ ಕಿವಿಗೊಡದವರು ಹೆಣದ ಹೆಸರಿಗೆ ಕಿವಿಗೊಟ್ಟರು.

ಇಷ್ಟು ಗುಣವನ್ನು ಹೇಳಿದ ಮೇಲೆ ದೋಷವನ್ನು ಹೇಳದಿರುವುದು ಪಕ್ಷಪಾತವಾದೀತು. ಜಾಂಬಿಯಾದವನು ನಿನ್ನೆಯವರೆಗೆ ಯಾರದೋ ತಂದೆ, ಯಾರದೋ ನೆರೆಯವನು. ಆಟದ ನಿಯಮದಲ್ಲಿ ಅವನಿಗೆ ನಾವು ಏನೂ ಸಲ್ಲಿಸಬೇಕಾದುದಿಲ್ಲ. ಕರುಣೆಯೂ ಬೇಡ, ಮಾತೂ ಬೇಡ. ಆಟದ ಮಟ್ಟಿಗೆ ಇದು ಸರಿ. ಆದರೆ ನಮಗೆ ಬೇಡದವರೆಲ್ಲರನ್ನೂ ಹೀಗೆ ಮುಖವಿಲ್ಲದ ಗುಂಪೆಂದು ಎಣಿಸುವ ಚಟ ಮನುಷ್ಯನಿಗೆ ಮೊದಲಿನಿಂದಲೂ ಇದೆ. ರೊಮೆರೊನ ಚಿತ್ರದ ಕಡೆಯಲ್ಲಿ, ಇಡೀ ರಾತ್ರಿ ಹೆಣಗಳೊಡನೆ ಹೋರಾಡಿ ಉಳಿದವನು ಒಬ್ಬನೇ. ಡ್ವೇನ್ ಜೋನ್ಸ್ ಎಂಬ ಕರಿಯ ನಟನು ಅಭಿನಯಿಸಿದ ನಾಯಕ. ಬೆಳಗಾಗಿ ರಕ್ಷಣೆಗೆ ಬಂದವರು ಕಿಟಕಿಯಲ್ಲಿ ಅವನನ್ನು ಕಂಡು, ಇವನೂ ಹೆಣವೆಂದು ದೂರದಿಂದಲೇ ಗುಂಡಿಟ್ಟು ಕೊಲ್ಲುತ್ತಾರೆ. ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾದ ವರ್ಷದಲ್ಲಿಯೇ ಅಮೆರಿಕದ ಜನ ಈ ಚಿತ್ರವನ್ನು ನೋಡಿದರು. ಇದೇ ರೆಸಿಡೆಂಟ್ ಈವಿಲ್ ಮಾಲೆಯ ಐದನೆಯ ಆಟ ೨೦೦೯ರಲ್ಲಿ ಆಫ್ರಿಕದ ಊರೊಂದನ್ನು ರಂಗವಾಗಿ ಮಾಡಿಕೊಂಡು, ಅಲ್ಲಿಯ ಜನರ ಗುಂಪುಗಳನ್ನು ಗುಂಡಿಗೆ ಗುರಿಯಾಗಿ ತೋರಿಸಿದಾಗ ಹಲವರು ಆಕ್ಷೇಪಿಸಿದರು. ಆಫ್ರಿಕದಿಂದ ಹಿಡಿದು ತಂದವರ ದುಃಖದಲ್ಲಿ ಹುಟ್ಟಿದ ಕಥೆ, ಇನ್ನೂರು ವರ್ಷ ಸುತ್ತಿ ಬಂದು, ಆಫ್ರಿಕದವರ ಮೇಲೆಯೇ ಬಂದೂಕು ಗುರಿಯಿಟ್ಟಿತು. ಹುಡುಗರು ಈ ಇತಿಹಾಸವನ್ನು ತಿಳಿದು ಆಡುವುದು ಒಳ್ಳೆಯದು.

ಇನ್ನು ನಮ್ಮ ಮನೆಯ ಮಾತು. ಎರಡನೆಯ ರಾತ್ರಿ ಹುಡುಗನಿಗೆ ಬಂಗಲೆಯ ಒಂದು ಕೋಣೆಯಲ್ಲಿ ಹಳೆಯ ದಿನಚರಿಯೊಂದು ಸಿಕ್ಕಿತು. ಅಲ್ಲಿಯ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದ ಕೆಲಸಗಾರನದು. ಮೊದಲ ಪುಟದಲ್ಲಿ ಅವನು ಗೆಳೆಯರೊಡನೆ ಇಸ್ಪೀಟು ಆಡಿದ ಸುದ್ದಿಯಿದೆ. ಆಮೇಲೆ ಮೈ ತುರಿಕೆ, ಜ್ವರ. ದಿನ ಕಳೆದಂತೆ ವಾಕ್ಯಗಳು ಗಿಡ್ಡವಾಗುತ್ತವೆ, ಕಾಗುಣಿತ ಕೆಡುತ್ತದೆ. ಕೊನೆಗೆ ಬಿಡಿ ಮಾತುಗಳೆರಡು ಉಳಿಯುತ್ತವೆ. ಹುಡುಗನು ಅದನ್ನು ಓದಿ ಮುಗಿಸಿ, ಆಟವನ್ನು ನಿಲ್ಲಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತನು. ಬಳಿಕ, “ಮಾವ, ಅಜ್ಜಿಯ ಲೆಕ್ಕದ ಪುಸ್ತಕವೂ ಹೀಗೆಯೇ ಇದೆ. ನೀವು ನೋಡಿದ್ದೀರಾ?” ಎಂದನು.

ನಾವು ನೋಡಿರಲಿಲ್ಲ. ನಮ್ಮ ತಾಯಿಯವರು ಕೊನೆಯ ಮೂರು ವರ್ಷ ಮರೆವಿನ ರೋಗದಿಂದ ನರಳಿದರು. ಹಾಲಿನವನ ಲೆಕ್ಕ, ಅಗಸನ ಲೆಕ್ಕವನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದಿಡುತ್ತಿದ್ದವರು. ಕ್ರಮೇಣ ಅಂಕೆಗಳು ಹೋದುವು, ಅಕ್ಷರಗಳು ಹೋದುವು, ಮಕ್ಕಳ ಹೆಸರುಗಳೂ ಹೋದುವು. ಕಡೆಯ ವರ್ಷ ಅವರು ತಂಗಿಯ ಮನೆಯಲ್ಲಿಯೇ ಇದ್ದರು. ರಾತ್ರಿ ಎದ್ದು ಕಾಲೆಳೆದುಕೊಂಡು ನಡೆಯುತ್ತಿದ್ದ ಅವರ ಸದ್ದನ್ನು ಪಕ್ಕದ ಕೋಣೆಯಲ್ಲಿ ಕೇಳಿದವನೂ, ಎದ್ದು ಹೋಗಿ ಕೈಹಿಡಿದು ಮಲಗಿಸಿದವನೂ ಈ ಹುಡುಗನೇ. ಬಂಧುಗಳಲ್ಲಿ ಒಬ್ಬರು, “ಅವರು ಹೋಗಿ ಎರಡು ವರ್ಷವಾಯಿತು, ಇರುವುದು ದೇಹ ಮಾತ್ರ” ಎಂದು ಸಮಾಧಾನ ಹೇಳಿದಾಗ ನಾವು ತಲೆಯಾಡಿಸಿದ್ದೆವು. ಆ ತಲೆಯಾಡಿಸಿದ ತಪ್ಪು ನಮ್ಮದು. ಹುಡುಗನು ಅದನ್ನು ಒಪ್ಪಿರಲಿಲ್ಲವೆಂದು ಈಗ ತಿಳಿಯಿತು. “ಕೊನೆಯ ತನಕ ಅಜ್ಜಿ ಸಾರು ಬಾಯಿಗಿಟ್ಟರೆ ‘ಉಪ್ಪು ಸಾಲದು’ ಎನ್ನುತ್ತಿದ್ದರು, ಮಾವ. ನನ್ನ ಹೆಸರು ಗೊತ್ತಿರಲಿಲ್ಲ, ಉಪ್ಪು ಗೊತ್ತಿತ್ತು” ಎಂದನು. ಹೈಟಿಯ ಉಪ್ಪಿನ ಕಥೆಯನ್ನು ನಾವು ಆಗ ಇನ್ನೂ ಓದಿರಲಿಲ್ಲ. ಓದಿದ ದಿನ ಈ ಮಾತು ನೆನಪಾಗಿ ಪುಸ್ತಕವನ್ನು ಮುಚ್ಚಿಟ್ಟೆವು. ತಂಗಿಯ ಪ್ರಶ್ನೆಗೆ ಉತ್ತರವೂ ಸಿಕ್ಕಿದಂತಾಯಿತು: ಹುಡುಗನ ಮನಸ್ಸು ಕಲ್ಲಾಗಿರಲಿಲ್ಲ.

ಹಾಗೆಂದು ಎಲ್ಲ ಮಕ್ಕಳಿಗೂ ಈ ಆಟ ಸಲ್ಲುವುದೆಂದು ನಾವು ಹೇಳುವುದಿಲ್ಲ. ಮೂರನೆಯ ರಾತ್ರಿ ತಿರುಗಿ ನೋಡಿದಾಗ ಕಿರಿಯವನು ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದನು. ಆ ರಾತ್ರಿ ಅವನು ತಾಯಿಯ ಸೆರಗು ಬಿಡದೆ ಮಲಗಿದನು. ಹನ್ನೊಂದರ ಬಾಲಕನಿಗೆ ಅದು ರಸವಲ್ಲ, ಬರಿಯ ಭಯ. ಇದಕ್ಕಾಗಿಯೇ ಅಮೆರಿಕದಲ್ಲಿ ೧೯೯೪ರಿಂದಲೂ ಯೂರೋಪಿನಲ್ಲಿ ೨೦೦೩ರಿಂದಲೂ ಆಟಗಳ ಮೇಲೆ ವಯಸ್ಸಿನ ಗುರುತು ಹಾಕುವ ಏರ್ಪಾಡು ಇದೆ. ಇಂಥ ಆಟಗಳಿಗೆ ಅಲ್ಲಿ ಸಾಮಾನ್ಯವಾಗಿ ೧೭ ಅಥವಾ ೧೮ ಎಂದು ಗುರುತಿರುತ್ತದೆ. ಕೊಳ್ಳುವಾಗ ಆ ಅಂಕೆಯನ್ನು ನೋಡಬೇಕಾದವರು ಹಿರಿಯರು. ಸೀಮೆಎಣ್ಣೆಯನ್ನು ಎಳೆಯರ ಕೈಗೆ ಎಟುಕದಂತೆ ಇಡುವ ನಾವು ಇದನ್ನೇಕೆ ಅವರ ಕೈಗೆ ಕೊಟ್ಟು ಒಳಗೆ ಹೋಗಬೇಕು?

ಪ್ರಾಯಕ್ಕೆ ಬಂದವರ ವಿಷಯದಲ್ಲಿ ನಮ್ಮ ಸೂಚನೆ ಮೂರೇ. ಮೊದಲನೆಯದು, ನಿಷೇಧಿಸುವ ಮುನ್ನ ಪಕ್ಕದಲ್ಲಿ ಕುಳಿತು ನೋಡಿರಿ. ಒಂಟಿಯಾಗಿ ಅಂಜುವುದಕ್ಕಿಂತ ಇಬ್ಬರು ಕೂಡಿ ಅಂಜುವುದು ಮೇಲು. ಎರಡನೆಯದು, ನಿದ್ರೆಯನ್ನು ಕದಿಯುವ ಆಟ ಎಷ್ಟು ಗುಣವುಳ್ಳದಾದರೂ ಕಳ್ಳನೇ ಸರಿ. ಹತ್ತು ಗಂಟೆಗೆ ದೀಪ ಆರಲಿ. ಮೂರನೆಯದು, ಆಟ ಮುಗಿದ ಮೇಲೆ ಅದರ ಮಾತನಾಡಿರಿ. ಯಾರನ್ನು ಕಂಡು ಅಂಜಿದೆ, ಯಾರನ್ನು ಬಿಟ್ಟು ಬಂದೆ, ಏನನ್ನು ಉಳಿಸಿಕೊಂಡೆ ಎಂದು ಕೇಳಿದರೆ, ಬೇರೆ ಹೊತ್ತಿನಲ್ಲಿ ಬಾಯಿಬಿಡದ ಹುಡುಗರು ಹೇಳಬೇಕಾದುದನ್ನೆಲ್ಲ ಹೇಳಿಬಿಡುತ್ತಾರೆ. ನಮ್ಮ ಹುಡುಗನಂತೂ ಹೇಳಿದನು.

ನಮ್ಮ ತೀರ್ಪನ್ನು ತಂಗಿಗೆ ತಿಳಿಸಿದೆವು. ಅವಳು ಪೂರ್ತಿ ಒಪ್ಪಿದಳೆಂದು ಹೇಳಲಾರೆವು. ತಾಯಿಯವರ ಲೆಕ್ಕದ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದು ಮಗನ ಕೈಗೆ ಕೊಟ್ಟು, “ಇದನ್ನು ಜೋಪಾನವಾಗಿ ಇಟ್ಟುಕೋ. ಆಟ ಮಾತ್ರ ಹತ್ತು ಗಂಟೆಗೆ ನಿಲ್ಲಬೇಕು” ಎಂದಳು. ಅಂದಿನ ರಾತ್ರಿ ಹತ್ತೂಕಾಲಾದರೂ ಕೋಣೆಯಲ್ಲಿ ದೀಪ ಉರಿಯುತ್ತಿದ್ದಿತು. ಗದರಿಸಲು ಹೋದ ತಂಗಿ ಬಾಗಿಲಲ್ಲಿಯೇ ನಿಂತಳು. ಹುಡುಗನು ಪುಸ್ತಕದ ಮೊದಲ ಪುಟಗಳ ಹಾಲಿನ ಲೆಕ್ಕವನ್ನು ತಮ್ಮನಿಗೆ ಓದಿ ಹೇಳುತ್ತಿದ್ದನು.